ಸುಣ್ಣದ ಬಿಳಿ, ಪೊಟ್ಟಣದ ನೀಲಿ



‘ಬಿಳಿ’ ಎಂಬುದು ಅಚ್ಚಗನ್ನಡದ ಮಾತು. ಬೆಳಕು, ಬೆಳಗು, ಬೆಳ್ಳಿ, ಬೆಳದಿಂಗಳು ಎಲ್ಲವೂ ಅದೇ ಬೇರಿನಿಂದ ಒಡೆದ ಚಿಗುರುಗಳು. ಕರಿದು, ಕೆಂಪು, ಹಸಿರು ಇವೂ ನಮ್ಮವೇ. ಆದರೆ ‘ನೀಲಿ’ ಎಂಬುದು ಸಂಸ್ಕೃತದ ‘ನೀಲ’ದಿಂದ ಬಂದ ಶಬ್ದ. ಆ ನೀಲವೂ ಮೊದಲಿಗೆ ಕಪ್ಪಿಗೆ ಹತ್ತಿರವಾದ ಒಂದು ಗಾಢವರ್ಣವನ್ನೇ ಸೂಚಿಸುತ್ತಿತ್ತು. ನೀಲಮೇಘಶ್ಯಾಮನ ಮೈಬಣ್ಣ ಯಾವುದೆಂದು ತರಗತಿಯಲ್ಲಿ ಕೇಳಿದರೆ ಅರ್ಧದಷ್ಟು ಮಕ್ಕಳು ಕಪ್ಪು ಎಂದೂ ಉಳಿದರ್ಧ ನೀಲಿ ಎಂದೂ ಉತ್ತರಿಸುತ್ತಿದ್ದರು. ಎರಡೂ ಸರಿಯೆಂದು ನಾನು ಅಂಕ ಕೊಡುತ್ತಿದ್ದೆ.

ಭಾಷೆಯಲ್ಲಿ ಹೇಗೋ ಗೋಡೆಯ ಮೇಲೂ ಹಾಗೆಯೇ. ಘಟ್ಟದ ಮೇಲಿನ ಸಾಗರ, ಸಿದ್ದಾಪುರ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ನೀವು ನೋಡಿರುತ್ತೀರಿ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಅಲ್ಲಿ ನೀಲಿ ಇಲ್ಲ. ನಮ್ಮ ಕರಾವಳಿಯ ಮಣ್ಣಿನ ಮನೆಗಳಲ್ಲಿಯೂ ದೀಪಾವಳಿ ಬಂದಿತೆಂದರೆ ಶೇಡಿ ಮತ್ತು ಕೆಮ್ಮಣ್ಣು ಎರಡೇ. ಶೇಡಿಯೆಂದರೆ ಬಿಳಿಯ ಜೇಡಿಮಣ್ಣು. ಕಾಲಿನ ಕೆಳಗಿನ ನೆಲ ಏನನ್ನು ಕೊಡುತ್ತಿತ್ತೋ ಅದೇ ಗೋಡೆಯ ಬಣ್ಣವಾಗಿತ್ತು. ನಮ್ಮ ನೆಲ ನೀಲಿಯನ್ನು ಕೊಡಲಿಲ್ಲ. ಅದು ಎದುರಿನ ಕಡಲಲ್ಲಿಯೂ ತಲೆಯ ಮೇಲಿನ ಆಕಾಶದಲ್ಲಿಯೂ ಬೇಕಾದಷ್ಟು ಇದ್ದಿತಾದರೂ ಕೈಗೆ ಸಿಗುವಂಥದಾಗಿರಲಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಮಾವಳ್ಳಿಯ ನಮ್ಮ ಹಳೆಯ ಮನೆಗೆ ಬರುವ ದೀಪಾವಳಿಯ ಹೊತ್ತಿಗೆ ಬಣ್ಣ ಹೊಡೆಸಬೇಕೆಂದು ಮನೆಯ ಮಕ್ಕಳು ನಿಶ್ಚಯಿಸಿದ್ದಾರೆ. ಬಿಳಿಯೋ ನೀಲಿಯೋ ಎಂಬುದು ಮಾತ್ರ ನಿಶ್ಚಯವಾಗಿಲ್ಲ. ಬೆಂಗಳೂರಿನಿಂದ ಒಬ್ಬರು, ಮುಂಬಯಿಯಿಂದ ಒಬ್ಬರು, ಕೊಲ್ಲಿ ದೇಶದಿಂದ ಇನ್ನೊಬ್ಬರು ಫೋನು ಮಾಡಿ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ಅದು ಬರಿಯ ಬಣ್ಣದ ಪ್ರಶ್ನೆಯಲ್ಲವೆಂದು ಸಂಬಂಧಿಕರಿಗೆ ಗೊತ್ತಿದೆ. ಶಿಷ್ಯರಿಗೆ ಮುಂದೆ ತಿಳಿಯುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಬರೆದುಬಿಡುವುದು ಲೇಸೆಂದು ಕುಳಿತಿದ್ದೇನೆ. ಮೊದಲು ಬಿಳಿಯ ಕಥೆ.

ನಮ್ಮ ಕಡೆಯ ಸುಣ್ಣ ಕಲ್ಲಿನಿಂದ ಬಂದುದಲ್ಲ, ನೀರಿನಿಂದ ಬಂದುದು. ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ ಮೊದಲಾದ ನದಿಗಳು ಸಮುದ್ರ ಸೇರುವಲ್ಲಿನ ಅಳಿವೆಗಳಲ್ಲಿ ಬಳಚು ಹೇರಳವಾಗಿ ಬೆಳೆಯುತ್ತದೆ. ನೀರು ಇಳಿದ ಹೊತ್ತು ನೋಡಿಕೊಂಡು ಅಂಬಿಗರ, ಹರಿಕಂತ್ರರ, ಹಾಲಕ್ಕಿಗಳ ಮನೆಯ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಅದನ್ನು ಆರಿಸುತ್ತಾರೆ. ಮಾಂಸ ಅಡುಗೆಗಾಯಿತು, ಉಳಿದ ಚಿಪ್ಪು ಸುಣ್ಣದ ಭಟ್ಟಿಗೆ. ಅದಲ್ಲದೆ ಅಳಿವೆಯ ತಳದಲ್ಲಿ ನೂರಾರು ವರ್ಷಗಳಿಂದ ಕೂಡಿಬಿದ್ದ ಚಿಪ್ಪಿನ ರಾಶಿಗಳನ್ನೂ ಅಗೆದು ತೆಗೆಯುತ್ತಿದ್ದರು. ಚಿಪ್ಪನ್ನೂ ಇದ್ದಲನ್ನೂ ಪದರ ಪದರವಾಗಿ ಒಟ್ಟಿ ಸುಡುತ್ತಿದ್ದರು.

ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರಿಗೆ ಮುಂದಿನದು ನೆನಪಿರಬೇಕು. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರೊಳಗಿನ ಇಂಗಾಲದ ಡೈಆಕ್ಸೈಡು ಬಿಟ್ಟುಹೋಗುತ್ತದೆ. ಶುದ್ಧವಾದ ಚಿಪ್ಪು 100 ಕಿಲೋ ಸುಟ್ಟರೆ ಸುಟ್ಟಸುಣ್ಣ ಉಳಿಯುವುದು 56 ಕಿಲೋ ಮಾತ್ರ. 44 ಕಿಲೋ ಗಾಳಿಗೆ ಹೋಯಿತು. ಆ ಸುಟ್ಟಸುಣ್ಣಕ್ಕೆ ನೀರು ಹಾಕಿದಾಗ ಬೆಂಕಿಯಿಲ್ಲದೆ ಹಂಡೆ ಕುದಿಯುವುದನ್ನು ನಾವೆಲ್ಲ ಬೆರಗಿನಿಂದ ನೋಡಿದವರು. ಹೀಗೆ ಅರಳಿದ ಸುಣ್ಣವನ್ನು ತಿಳಿಯಾಗಿ ಕಲಸಿ ಗೋಡೆಗೆ ಬಳಿದರೆ, ಅದು ದಿನ ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಂಡು ಪುನಃ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಅಂದರೆ ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ. ಸುಣ್ಣ ಬಳಿದ ಮನೆ ತೆಳುವಾದ ಚಿಪ್ಪೊಂದನ್ನು ಹೊದ್ದುಕೊಂಡಂತೆ ಎಂದು ನಾನು ಹೇಳುತ್ತಿದ್ದುದು ಅಲಂಕಾರಕ್ಕಾಗಿ ಅಲ್ಲ. ರಾಸಾಯನಿಕವಾಗಿ ಅದು ಅಕ್ಷರಶಃ ನಿಜ. ತಿಳಿಸುಣ್ಣದ ನೀರಿಗೆ ಕೊಳವೆಯಿಂದ ಊದಿ ಹಾಲಿನಂತೆ ಮಾಡುವ ಪ್ರಯೋಗವೂ ಇದೇ.

ಇನ್ನೊಂದು ಸಂಗತಿಯನ್ನು ಆಗ ಬಹಳ ಮಂದಿ ಕೇಳುತ್ತಿದ್ದರು. ಬಳಿಯುವಾಗ ಕಂಡೂ ಕಾಣದಂತಿರುವ ಸುಣ್ಣ ಒಣಗಿದ ಮೇಲೆ ಏಕೆ ಬೆಳ್ಳಗಾಗುತ್ತದೆ? ಹಸಿಯಾಗಿರುವಾಗ ಕಣಗಳ ನಡುವೆ ನೀರಿರುತ್ತದೆ, ಬೆಳಕು ಹೆಚ್ಚು ಚದರದೆ ಒಳಗೆ ಸಾಗುತ್ತದೆ. ನೀರು ಆರಿ ಅಲ್ಲಿ ಗಾಳಿ ತುಂಬಿದಾಗ ಬೆಳಕು ಎಲ್ಲ ದಿಕ್ಕಿಗೂ ಚದರುತ್ತದೆ. ಆ ಚದರಿದ ಬೆಳಕೇ ಬಿಳುಪು. ಕೂಲಿಗೆ ಬಂದ ಹೊಸಬ ಇದನ್ನರಿಯದೆ ದಪ್ಪದಪ್ಪವಾಗಿ ಬಳಿದುಬಿಡುತ್ತಿದ್ದ. ಅದು ತಿಂಗಳೊಳಗೆ ಹಪ್ಪಳದಂತೆ ಎದ್ದು ಬೀಳುತ್ತಿತ್ತು.

ಸುಣ್ಣ ಮಾಡುವ ಕ್ರಮ ಮನೆಮನೆಗೆ ಬೇರೆ. ನಮ್ಮಲ್ಲಿ ಹಳೆಯ ಮಣ್ಣಿನ ಹಂಡೆಯಲ್ಲಿ ವಾರಗಟ್ಟಲೆ ನೆನೆಹಾಕಿ, ಹರಕು ಪಂಚೆಯಲ್ಲಿ ಸೋಸಿ, ಹಿಡಿತಕ್ಕೆಂದು ಗಂಜಿತಿಳಿಯನ್ನೂ ಒಂದು ಹಿಡಿ ಉಪ್ಪನ್ನೂ ಸೇರಿಸುತ್ತಿದ್ದರು. ಕುಂಚವೆಂದರೆ ಮುಂಡಿಗೆಯ ಬೇರನ್ನು ಜಜ್ಜಿ ನಾರು ಬಿಡಿಸಿದ ತುಂಡು. ಕೈ ಸುಡದಂತೆ ಮೊದಲೇ ಕೊಬ್ಬರಿಎಣ್ಣೆ ಹಚ್ಚಿಕೊಳ್ಳಬೇಕು, ಮಕ್ಕಳು ದೂರ ನಿಲ್ಲಬೇಕು, ಕಣ್ಣಿಗೆ ಹಾರಿದರೆ ದೊಡ್ಡ ಅನಾಹುತ. ಒಳಗಿನ ಗೋಡೆಗೆ ಚೌತಿಗೆ ಮುಂಚೆ. ಹೊರಗಿನದಕ್ಕೆ ಮಳೆ ಪೂರ್ತಿ ಹಿಂದೆ ಸರಿದು ಮಡಲಿನ ತಟ್ಟಿಗಳನ್ನು ಬಿಚ್ಚಿದ ಮೇಲೆ, ದೀಪಾವಳಿಯ ಹೊತ್ತಿಗೆ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಹೊರಗಿನ ಸುಣ್ಣ ಪ್ರತಿವರ್ಷದ ಕೆಲಸವೇ ಆಗಿತ್ತು.

ಸುಣ್ಣಕ್ಕೆ ಸೌಂದರ್ಯದ ಹೊರತಾದ ಇನ್ನೊಂದು ಕೆಲಸವಿತ್ತು. ಅದು ತೀವ್ರವಾದ ಕ್ಷಾರ; ಹಸಿಸುಣ್ಣದಲ್ಲಿ ರೋಗಾಣುಗಳು ಬದುಕುವುದು ಕಷ್ಟ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ನೆನಪಿಡಿ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಯಾಯಿತು. 1898ರಲ್ಲಿ ಪಕ್ಕದ ಹುಬ್ಬಳ್ಳಿ ತತ್ತರಿಸಿತು. ಆ ಪ್ರಾಂತದಲ್ಲಿ ರೋಗ ಕಂಡ ಮನೆಗಳನ್ನು ತೊಳೆದು ಸುಣ್ಣ ಬಳಿಸುವುದು ಸರಕಾರದ ಕ್ರಮವಾಯಿತು. ಬಿಳಿಯ ಗೋಡೆಯೆಂದರೆ ಶುಚಿ ಎಂಬ ಭಾವನೆ ನಮ್ಮಲ್ಲಿ ಮೊದಲೇ ಇದ್ದಿತಾದರೂ ಅದಕ್ಕೆ ಸರಕಾರದ ಮೊಹರು ಬಿದ್ದುದು ಆ ವರ್ಷಗಳಲ್ಲಿ.

ತಮಾಷೆಯೆಂದರೆ, ಐವತ್ತು ವರ್ಷಗಳ ತರುವಾಯ ಅದೇ ಸರಕಾರದ ಜನ ಬಂದು ‘ಸುಣ್ಣ ಬಳಿಯಬೇಡಿ’ ಎಂದರು. ಮಲೇರಿಯಾಕ್ಕೆ ಹೆಸರಾದ ಜಿಲ್ಲೆ ನಮ್ಮದು. 1946ರಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭವಾಯಿತು; 1953ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಗೋಡೆಯ ಮೇಲೆ ಔಷಧ ತಿಂಗಳುಗಟ್ಟಲೆ ಉಳಿದರಷ್ಟೇ ಬಂದು ಕೂರುವ ಸೊಳ್ಳೆ ಸಾಯುವುದು. ಅದರ ಮೇಲೆ ಸುಣ್ಣ ಬಳಿದರೆ ಔಷಧ ಮುಚ್ಚಿಹೋಗುತ್ತದೆ, ಕ್ಷಾರದಿಂದ ಕೆಡುತ್ತದೆ ಕೂಡ. ಹಬ್ಬಕ್ಕೆ ಸುಣ್ಣ ಬೇಡವೆಂದರೆ ಯಾವ ಗೃಹಿಣಿ ಕೇಳುತ್ತಾಳೆ? ಸಿಂಪಡಿಸುವವರು ಬಾಗಿಲ ಮೇಲೆ ದಿನಾಂಕ ಬರೆದುಹೋಗುತ್ತಿದ್ದುದು, ಅವರು ಬೆನ್ನು ಹಾಕಿದ ಮೇಲೆ ಅಮ್ಮ ಹಂಡೆಯ ಕಡೆ ನೋಡುತ್ತಿದ್ದುದು ಎರಡೂ ನನಗೆ ನೆನಪಿದೆ.

ಇನ್ನು ನೀಲಿಗೆ ಬರೋಣ. ನಮ್ಮ ದೇಶಕ್ಕೆ ನೀಲಿ ಹೊಸತಲ್ಲ. ನೀಲಿಗಿಡದ ಬಣ್ಣವನ್ನು ಪಶ್ಚಿಮದವರು ಕರೆದುದೇ ‘ಇಂಡಿಕಮ್’, ಎಂದರೆ ಭಾರತದ್ದು ಎಂದು. ಆ ಗಿಡ ಬೆಳೆಯುವಂತೆ ತೋಟದ ದೊರೆಗಳು ರೈತರನ್ನು ಹಿಂಸಿಸಿದ್ದು, 1859ರಲ್ಲಿ ಬಂಗಾಳದ ರೈತರು ಎದ್ದದ್ದು, 1860ರಲ್ಲಿ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಪ್ರಕಟವಾದದ್ದು, 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು ನಿಮಗೆ ಪಾಠವೇ ಆಗಿತ್ತು. ಆದರೆ ಆ ನೀಲಿ ಬಟ್ಟೆಯದು. ಬೆಲೆಯೂ ಹೆಚ್ಚು, ಬಿಸಿಲಿಗೆ ಮಾಸುವ ಗುಣವೂ ಉಂಟು; ನಮ್ಮಂಥವರ ಗೋಡೆಗೆ ಬರುವ ಮಾತಲ್ಲ. ಗೋಡೆಗೆ ಬೇಕಾದದ್ದು ಸುಣ್ಣದ ಕ್ಷಾರವನ್ನು ತಡೆದುಕೊಳ್ಳುವ ನೀಲಿ. 18ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಶ್ಯನ್ ನೀಲಿ ಅಗ್ಗವಾಗಿತ್ತು, ನೋಡಲು ಸೊಗಸಾಗಿತ್ತು. ಆದರೆ ಸುಣ್ಣಕ್ಕೆ ಬೆರೆಸಿದರೆ ಕೆಟ್ಟು ಕಂದಾಗಿ ಹೋಗುತ್ತಿತ್ತು.

ತಡೆದುಕೊಳ್ಳುವ ನೀಲಿಯೊಂದಿತ್ತು. ಅಫಘಾನಿಸ್ತಾನದ ಬದಖಶಾನ್ ಬೆಟ್ಟಗಳಲ್ಲಿ ಸಿಗುವ ರಾಜಾವರ್ತ ಶಿಲೆಯನ್ನು ಅರೆದು ತೆಗೆಯುವ ಬಣ್ಣ ಅದು. ಕಡಲಾಚೆಯಿಂದ ಬಂದುದೆಂದು ಯೂರೋಪಿನವರು ಅದಕ್ಕೆ ಅಲ್ಟ್ರಾಮರೀನ್ ಎಂದು ಹೆಸರಿಟ್ಟರು. ಅದರ ಬೆಲೆ ಎಷ್ಟೆಂದರೆ ಅಲ್ಲಿನ ಚಿತ್ರಕಾರರು ಅದನ್ನು ಮೇರಿಮಾತೆಯ ಮೇಲ್ವಸ್ತ್ರದಂಥ ಪೂಜ್ಯ ಸ್ಥಾನಗಳಿಗೆ ಮೀಸಲಿಡುತ್ತಿದ್ದರು. 1824ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವು ಅದನ್ನು ಕೃತಕವಾಗಿ, ಅಗ್ಗವಾಗಿ ತಯಾರಿಸಿದವರಿಗೆ 6,000 ಫ್ರಾಂಕುಗಳ ಬಹುಮಾನ ಸಾರಿತು. 1828ರಲ್ಲಿ ಗಿಮೆ ಎಂಬಾತ ಆ ಬಹುಮಾನವನ್ನು ಗೆದ್ದ. ಅದೇ ಹೊತ್ತಿಗೆ ಜರ್ಮನಿಯ ಗ್ಮೆಲಿನ್ ಕೂಡ ಬೇರೆಯಾಗಿ ಅದನ್ನು ಸಾಧಿಸಿದ್ದ. ಸಾಮಗ್ರಿಗಳೇನು? ಬಿಳಿಯ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಲು. ಇವನ್ನು ಕೂಡಿಸಿ ಕುಲುಮೆಯಲ್ಲಿ ಕಾಯಿಸಿದರೆ ರಾಜರ ಖಜಾನೆಯ ನೀಲಿ ಬಡವನ ಪೊಟ್ಟಣಕ್ಕೆ ಇಳಿಯಿತು. ನಮ್ಮ ಶೇಡಿಯ ಜಾತಿಯ ಮಣ್ಣೇ ಅಲ್ಲಿ ನೀಲಿಯಾಗಿ ಮಾರ್ಪಟ್ಟಿತೆಂಬುದು ನನಗೆ ಯಾವಾಗಲೂ ಸೋಜಿಗ.

ಇಂಗ್ಲೆಂಡಿನ ಹಲ್ ಪಟ್ಟಣದ ರೆಕಿಟ್ ಕಂಪನಿ ಅದನ್ನು ಬಟ್ಟೆಗೆ ಹಾಕುವ ನೀಲಿಯಾಗಿ ಲೋಕಕ್ಕೆಲ್ಲ ಮಾರಿತು. ನಮ್ಮಲ್ಲಿ ಅದರ ಕಡೆಯ ರೂಪವೇ ರಾಬಿನ್ ನೀಲಿ. ಈ ನೀಲಿಗೆ ಕ್ಷಾರದ ಭಯವಿಲ್ಲ, ಆಮ್ಲದ ಭಯವುಂಟು. ಪ್ರಯೋಗಶಾಲೆಯಲ್ಲಿ ಒಂದು ಚಿಟಿಕೆ ನೀಲಿಗೆ ದುರ್ಬಲ ಆಮ್ಲ ಹನಿಸಿ ಬಣ್ಣ ಮಾಯವಾಗುವುದನ್ನೂ, ಕೊಳೆತ ಮೊಟ್ಟೆಯ ವಾಸನೆಯೇಳುವುದನ್ನೂ ತೋರಿಸಿದಾಗ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಂಡು ಹೊರಗೆ ಓಡಿದ್ದು ಅವರಿಗೇ ನೆನಪಿರಲಿ. ಒಳಗಿದ್ದ ಗಂಧಕ ಅನಿಲವಾಗಿ ಹೊರಬಂದಿತ್ತು, ಅಷ್ಟೇ.

ಈಗ ಒಂದು ಮುಖ್ಯವಾದ ಮಾತು. ನಮ್ಮ ಮನೆಗಳ ‘ಬಿಳಿ’ ಗೋಡೆ ಎಂದೂ ಬರಿಯ ಬಿಳಿಯಾಗಿರಲಿಲ್ಲ. ಸುಣ್ಣಕ್ಕೂ, ಒಗೆದ ಹತ್ತಿಬಟ್ಟೆಗೂ ತುಸು ಹಳದಿ ಛಾಯೆ ಇರುತ್ತದೆ. ಅದಕ್ಕೆ ಅತ್ಯಲ್ಪ ನೀಲಿ ಬೆರೆತರೆ ಹಳದಿ ಅಡಗಿ, ಕಣ್ಣಿಗೆ ಹೆಚ್ಚು ಬಿಳುಪೆಂದು ತೋರುತ್ತದೆ. ಪಂಚೆಗೆ ನೀಲಿ ಹಾಕುವುದು ಇದೇ ತತ್ತ್ವದ ಮೇಲೆ. 1983ರಲ್ಲಿ ಕೇರಳದ ತ್ರಿಶೂರಿನಲ್ಲಿ ಹುಟ್ಟಿದ ಉಜಾಲ ಎಂಬ ದ್ರವ ಮನೆಮನೆಗೆ ಹೊಕ್ಕದ್ದೂ ಇದರಿಂದಲೇ. ಸುಣ್ಣದ ಹಂಡೆಗೆ ಬಟ್ಟೆಯಲ್ಲಿ ಕಟ್ಟಿದ ನೀಲಿಯ ಪುಟ್ಟ ಗಂಟನ್ನು ಅದ್ದಿ, ಎರಡು ಸುತ್ತು ತಿರುವಿ ಎತ್ತಿಬಿಡುತ್ತಿದ್ದರು. ಹೆಚ್ಚಾದರೆ ಗೋಡೆ ನೀಲಿ, ಕಡಮೆಯಾದರೆ ಮಾಸಲು. ಆ ಎರಡು ಸುತ್ತಿನ ಲೆಕ್ಕ ಅಮ್ಮನ ಮಣಿಕಟ್ಟಿನಲ್ಲಿತ್ತು.

ಇನ್ನೊಂದು ನೀಲಿಯೂ ನಮ್ಮ ಜಿಲ್ಲೆಗೆ ಚಿರಪರಿಚಿತ. ಅಡಕೆ ತೋಟದವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆ ಕಂಡುಕೊಂಡ ಮದ್ದು ಅದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಬರೆದು ಅದರ ಬಳಕೆಗೆ ದಾರಿ ಮಾಡಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಬಿಳಿಯೂ ನೀಲಿಯೂ ಕೂಡಿಯೇ ಕೊನೆಗಳನ್ನು ಕಾಯುವುದು. ಹೊನ್ನಾವರ, ಕುಮಟೆಯ ತೋಟದ ಮನೆಗಳಲ್ಲಿ ದ್ರಾವಣ ಕಲಸುವ ಜಾಗದ ಗೋಡೆ, ಕಂಬ, ಕೊಡಪಾನ ಎಲ್ಲವೂ ಆಕಾಶನೀಲಿ. ಸುಣ್ಣಕ್ಕೆ ಮೈಲುತುತ್ತ ಬೆರೆಸಿ ಗೋಡೆಗೆ ಬಳಿದರೆ ಒರಲೆ ಹತ್ತುವುದಿಲ್ಲವೆಂದು ಹೇಳುವವರು ನಮ್ಮಲ್ಲಿಯೂ ಉಂಟು. ರಾಜಸ್ಥಾನದ ಜೋಧಪುರದ ನೀಲಿ ಮನೆಗಳಿಗೂ ಅಲ್ಲಿಯವರು ಇದೇ ಕಾರಣವನ್ನು ಕೊಡುತ್ತಾರೆ, ಬ್ರಾಹ್ಮಣರ ಕೇರಿಯ ಗುರುತೆಂದೂ ಹೇಳುತ್ತಾರೆ.

ಇನ್ನು ನಮ್ಮ ಮನೆಯ ಸಂಗತಿ. 1963ರಲ್ಲಿ ಹಿಸ್ಸೆಯಾಯಿತು. ನಮ್ಮ ತೀರ್ಥರೂಪರಿಗೂ ಚಿಕ್ಕಪ್ಪನವರಿಗೂ ಮನೆಯನ್ನು ನಡುಮನೆಯಿಂದ ಇಬ್ಭಾಗ ಮಾಡಿ ಗೋಡೆಯೆಬ್ಬಿಸಿದರು. ಎದುರಿನ ಜಗಲಿಯೂ ಹಿಂದಿನ ಬಾವಿಯೂ ಸಾಮಾಯಿಕವಾಗಿ ಉಳಿದವು. ಜಗಳದ ಕಾರಣವನ್ನು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಇಲ್ಲ, ಕಾಗದಪತ್ರಗಳೂ ಒರಲೆಗೆ ಆಹಾರವಾದವು. ಮುಂಬಯಿಯ ಗಿರಣಿಯಲ್ಲಿ ದುಡಿದು ಬಂದ ಚಿಕ್ಕಪ್ಪ ಆ ವರ್ಷದ ದೀಪಾವಳಿಗೆ ತನ್ನ ಪಾಲಿನ ಹೊರಗೋಡೆಗೆ ಸುಣ್ಣದಲ್ಲಿ ನೀಲಿಯನ್ನು ಧಾರಾಳವಾಗಿ ಕಲಸಿ ಬಳಿಸಿದರು. ಗಡಿ ಎಲ್ಲಿಯೆಂದು ರಸ್ತೆಯಲ್ಲಿ ಹೋಗುವವರಿಗೂ ಕಾಣಬೇಕೆಂಬುದೇ ಅದರ ಅರ್ಥ. ಅಪ್ಪಯ್ಯ ಅಷ್ಟೇ ಹಟದಿಂದ ವರ್ಷಕ್ಕೆರಡು ಸಲ ಬಿಳಿಸುಣ್ಣ ಹೊಡೆಸತೊಡಗಿದರು. ಡಿ.ಡಿ.ಟಿ.ಯವರು ಬಂದು ಹೋದಾಗ ನೀಲಿಯ ಒಳಗೋಡೆಯ ಮೇಲೆ ಬಿಳಿಯ ಗೀರುಗಳು ಎದ್ದು ಕಾಣುತ್ತಿದ್ದವು. ಬಿಳಿಯ ಕಡೆ ಕಾಣುತ್ತಿರಲಿಲ್ಲ. ಅದೊಂದು ಗೆಲುವೆಂಬಂತೆ ಅಪ್ಪಯ್ಯ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದರು.

ಆದರೆ ನೀಲಿಯ ಪೊಟ್ಟಣ ಇದ್ದುದು ಚಿಕ್ಕಮ್ಮನ ಬಳಿ, ಸುಣ್ಣದ ಹಂಡೆ ಇದ್ದುದು ಅಮ್ಮನ ಬಳಿ. ಬಾವಿಕಟ್ಟೆಯ ಮೇಲೆ ಬೆಳಿಗ್ಗೆ ಒಂದು ತೆಂಗಿನ ಕರಟದಲ್ಲಿ ಸುಣ್ಣ ಇಟ್ಟಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಕರಟದಲ್ಲಿ ಬಾಳೆಲೆಯ ಚೂರಿನಲ್ಲಿ ಸುತ್ತಿದ ನೀಲಿ ಇರುತ್ತಿತ್ತು. ಇದಕ್ಕೆ ಯಾರ ಅಪ್ಪಣೆಯನ್ನೂ ಅವರಿಬ್ಬರು ಕೇಳಿರಲಿಲ್ಲ. ಅಪ್ಪಯ್ಯನ ಬಿಳಿಯಲ್ಲಿ ಚಿಕ್ಕಪ್ಪನ ನೀಲಿಯಿತ್ತು, ಚಿಕ್ಕಪ್ಪನ ನೀಲಿಗೆ ಅಪ್ಪಯ್ಯನ ಸುಣ್ಣವಿತ್ತು. ಅವರಿಬ್ಬರಿಗೂ ಇದು ಗೊತ್ತಿತ್ತೆಂದೇ ನನ್ನ ಅನುಮಾನ. ಈಗ ‘ಅಜ್ಜನ ಬಣ್ಣ’, ‘ನಮ್ಮ ಕಡೆಯ ಬಣ್ಣ’ ಎಂದು ವಾದಿಸುವ ಮಕ್ಕಳು ಇದನ್ನು ತಿಳಿದಿರಬೇಕೆಂದು ಬರೆದೆ.

ಇನ್ನೊಬ್ಬರು ಫೋನಿನಲ್ಲಿ, ‘ನೀಲಿ ಬೇಡ ಮಾವಯ್ಯ, ನೋಡಿದವರು ನಮ್ಮನ್ನು ಬೇರೆ ಯಾರೋ ಎಂದುಕೊಂಡಾರು’ ಎಂದು ದನಿ ತಗ್ಗಿಸಿ ಹೇಳಿದರು. ಡಾ. ಅಂಬೇಡ್ಕರರ ಚಳವಳಿಯ ಧ್ವಜದ ಬಣ್ಣ ನೀಲಿ. ಅವರು ಹೇಳಿದ್ದು ಅದನ್ನು ಮನಸ್ಸಿನಲ್ಲಿಟ್ಟುಕೊಂಡು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಲ್ಲ ಮನೆಯ ಮಕ್ಕಳಿಗೂ ಒಂದೇ ಬೆಂಚಿನಲ್ಲಿ ಪಾಠ ಹೇಳಿದ ನನಗೆ ಆ ಮಾತು ಹಿಡಿಸಲಿಲ್ಲ. ಹಾಗೆಂದುಕೊಳ್ಳುವವರು ಎಂದುಕೊಳ್ಳಲಿ, ಅದರಿಂದ ಮನೆಯ ಗೌರವ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ನೀಲಿ ಬೇಡವೆನ್ನುವುದಕ್ಕೆ ಆ ಕಾರಣವನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಬೇರೆ ಕಾರಣಗಳುಂಟೇ? ಬಿಸಿಲಿನ ಶಾಖವನ್ನು ಹಿಂದಕ್ಕೆ ತಳ್ಳುವುದರಲ್ಲಿ ಬಿಳಿಯೇ ಮೇಲು. ನೀಲಿ ಗಾಢವಾದಷ್ಟೂ ಗೋಡೆ ಹೆಚ್ಚು ಕಾಯುತ್ತದೆ. ಪಡುವಣ ದಿಕ್ಕಿನ ಗೋಡೆಗೆ ಇದು ಗಣನೀಯ. ಒಳಗಿನ ಕೋಣೆಗೆ, ನನ್ನಂಥ ವಯಸ್ಸಾದವರ ಕಣ್ಣಿಗೆ, ತಿಳಿನೀಲಿ ಹಿತ. ನೀಲಿ ಗೋಡೆಗೆ ಸೊಳ್ಳೆ ಬಾರದೆಂದು ಚಿಕ್ಕಮ್ಮ ಹೇಳುತ್ತಿದ್ದರು. 2022ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಡೆಂಗಿ ಹರಡುವ ಸೊಳ್ಳೆ ನಮ್ಮ ಉಸಿರಿನ ಅನಿಲದ ವಾಸನೆ ಹಿಡಿದ ಮೇಲೆ ಕೆಂಪು, ಕಿತ್ತಳೆ, ಕಪ್ಪುಗಳತ್ತ ಹಾರುತ್ತದೆಂದೂ ನೀಲಿಯನ್ನೂ ಬಿಳಿಯನ್ನೂ ಲಕ್ಷಿಸುವುದಿಲ್ಲವೆಂದೂ ಕಂಡುಬಂದಿದೆ. ಅಂದರೆ ಆ ಮೊಕದ್ದಮೆಯಲ್ಲಿ ಎರಡೂ ಪಕ್ಷಕ್ಕೆ ಸಮನಾದ ತೀರ್ಪು.

ನಿಜವಾದ ವ್ಯತ್ಯಾಸ ಬಣ್ಣದಲ್ಲಿಲ್ಲ, ಡಬ್ಬಿಯಲ್ಲಿದೆ. ಈಗಿನ ಅಂಗಡಿಯ ಬಿಳಿ ಚಿಪ್ಪಿನದಲ್ಲ, ಟೈಟೇನಿಯಂ ಡೈಆಕ್ಸೈಡಿನದು. ಕೇರಳದ ಚವರ ಕರಾವಳಿಯ ಕರಿಮರಳಿನಂಥ ಮರಳಿನಿಂದ ತೆಗೆಯುವ ಪುಡಿ ಅದು. ತಿರುವನಂತಪುರದಲ್ಲಿ ಅದಕ್ಕಾಗಿ 1946ರಲ್ಲಿಯೇ ಕಂಪನಿ ಸ್ಥಾಪನೆಯಾಗಿತ್ತು. ಅದಕ್ಕೂ ಹಿಂದೆ ಎಣ್ಣೆಬಣ್ಣದ ಬಿಳಿಗೆ ಸೀಸ ಹಾಕುತ್ತಿದ್ದರು. ಸೀಸ ವಿಷವೆಂದು 1921ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿತ್ತು. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಬಂದುದು 2016ರಲ್ಲಿ, ಜಾರಿಯಾದುದು 2017ರ ನವೆಂಬರಿನಲ್ಲಿ. ಆದುದರಿಂದ ಹಳೆಯ ಬಾಗಿಲು, ಕಿಟಕಿ, ದೋಣಿಯವರಿಂದ ತಂದು ಬಳಿದ ಹಳೆಯ ನೀಲಿಬಣ್ಣ ಇವನ್ನು ಒಣಗಿಯೇ ಉಜ್ಜಿ ಧೂಳೆಬ್ಬಿಸಬೇಡಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ನಮ್ಮ ಮನೆಯ ಗೋಡೆ ಚಿರೆಕಲ್ಲಿನದು. 1801ರಲ್ಲಿ ಭಟ್ಕಳ, ಹೊನ್ನಾವರಗಳ ಮೂಲಕ ಹಾದುಹೋದ ಬುಕಾನನ್ನನೇ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು. ಅದು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಸುಣ್ಣ ಆ ತೇವವನ್ನು ಹೊರಹೋಗಲು ಬಿಡುತ್ತದೆ. ಪ್ಲಾಸ್ಟಿಕ್ಕಿನ ಬಣ್ಣ ಬಿಡುವುದಿಲ್ಲ. ಹದಿನೈದು ವರ್ಷಗಳ ಕೆಳಗೆ ನಮ್ಮ ಪಾಲಿಗೆ ‘ಹತ್ತು ವರ್ಷ ಬಾಳಿಕೆ’ ಎಂದು ಹೇಳಿ ಒಂದು ಅಂಗಡಿಯವರು ಕೊಟ್ಟ ಬಿಳಿಬಣ್ಣ ಮೂರನೆಯ ಮಳೆಗಾಲಕ್ಕೆ ಬೊಕ್ಕೆಯೆದ್ದು, ಅದರ ಹಿಂದೆ ಗಾರೆ ಉಪ್ಪಿನಂತೆ ಉದುರಿತು. ಚಿಕ್ಕಪ್ಪನ ಕಡೆಯಲ್ಲಿ 1980ರ ದಶಕದ ತರುವಾಯ ಯಾರೂ ಏನನ್ನೂ ಬಳಿಯಲಿಲ್ಲ; ಅಲ್ಲಿ ಇಂದಿಗೂ ಗಾರೆ ಗಟ್ಟಿಯಾಗಿದೆ, ಸೂರಿನಡಿಯಲ್ಲಿ ಮಾಸಿದ ನೀಲಿ ಕಾಣುತ್ತದೆ.

ಆದುದರಿಂದ ನನ್ನ ಅಭಿಪ್ರಾಯ ಇದು. ನಮ್ಮ ಪಾಲಿನ ಪ್ಲಾಸ್ಟಿಕ್ ಬಣ್ಣವನ್ನು ನೀರು ಹಾಕಿ ನೆನೆಸಿ, ಕೆರೆದು ಪೂರ್ತಿ ತೆಗೆಯಿರಿ. ಗಾರೆ ಬಿದ್ದಲ್ಲಿ ಸುಣ್ಣದ ಗಾರೆಯನ್ನೇ ಹಾಕಿಸಿರಿ, ಸಿಮೆಂಟು ಬೇಡ. ಇಡೀ ಮನೆಗೆ, ಎರಡೂ ಪಾಲಿಗೆ, ಒಂದೇ ಹಂಡೆಯ ಸುಣ್ಣ. ಹೊರಗೆ ಎರಡು ಸುತ್ತಿನ ನೀಲಿ, ಒಳಗಿನ ಕೋಣೆಗಳಿಗೆ ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ಮೂರು ತೆಳು ಲೇಪ, ನಡುವೆ ಒಂದೊಂದು ದಿನ ಬಿಡುವು, ಪ್ರತಿ ಲೇಪಕ್ಕೆ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು.

ಚಿಪ್ಪುಸುಣ್ಣ ಈಗ ಸುಲಭವಾಗಿ ಸಿಗುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಅದು ಸಿಗದಿರುವುದಕ್ಕೆ ನಾನು ಪೂರ್ತಿಯಾಗಿ ದುಃಖಪಡುವುದೂ ಇಲ್ಲ. ಅಳಿವೆಯ ತಳವನ್ನು ಚಿಪ್ಪಿಗಾಗಿ ಮಿತಿಮೀರಿ ಅಗೆದರೆ ಬಳಚು ಮರಿಹಾಕುವ ನೆಲೆಯೇ ಹಾಳು. ಆರಿಸಿ ತಂದು ಒಲೆ ಹೊತ್ತಿಸುವ ಹೆಂಗಸರ ಅನ್ನಕ್ಕೆ ಅದು ಕಲ್ಲು. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ಗೋಡೆಯ ಚೆಂದಕ್ಕಾಗಿ ಅಲ್ಲಿ ಗುಂಡಿ ತೋಡಿಸಬೇಕಾಗಿಲ್ಲ. ಅಡುಗೆಗೆ ಬಳಸಿ ಉಳಿದ ಚಿಪ್ಪಿನಿಂದ ಸುಟ್ಟ ಸುಣ್ಣ ಸಿಕ್ಕಿದರೆ ಹೊರಗೋಡೆಗೆ ಅದು. ಸಾಲದ್ದಕ್ಕೆ ಘಟ್ಟದ ಮೇಲಿನ ಕಲ್ಲುಸುಣ್ಣ ತರಿಸಿದರಾಯಿತು, ಚೀಲದ ಮೇಲೆ ಸುಟ್ಟ ದಿನ ನೋಡಿ ಕೊಳ್ಳಿರಿ. ಗಾಳಿಗೆ ಹಳತಾದ ಸುಣ್ಣ ಚೀಲದಲ್ಲಿಯೇ ಚಿಪ್ಪಾಗಿರುತ್ತದೆ, ಗೋಡೆಗೆ ಹಿಡಿಯುವುದಿಲ್ಲ.

ನೆನೆಹಾಕಲು ಕನಿಷ್ಠ ಮೂರು ವಾರ ಬೇಕು. ಹಂಡೆ ಅಟ್ಟದ ಮೇಲಿದೆ, ಬಿರುಕು ಬಿಟ್ಟಿಲ್ಲ, ಮೊನ್ನೆ ಹತ್ತಿಸಿ ನೋಡಿಸಿದೆ. ಚೌತಿಗೆ ಊರಿಗೆ ಬರುವವರು ಅದನ್ನು ಕೆಳಗಿಳಿಸಿ ಬಾವಿಕಟ್ಟೆಯ ಪಕ್ಕದಲ್ಲಿಟ್ಟು ಹೋದರೆ ಉಳಿದುದನ್ನು ನಾನು ಕುಳಿತಲ್ಲಿಂದಲೇ ಹೇಳಿ ಮಾಡಿಸುತ್ತೇನೆ.